ರೊಟ್ಟಿ ಮುರಿಯುವ ಮೇಜಿನವರೆಗೆ

ಬ್ರದರನ್ ಎಂಬ ಕ್ರೈಸ್ತ ಪಂಗಡದ ಸಭೆಗೆ ಹೊಸದಾಗಿ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲೇ ಕೇಳುವುದು, "ಪಾಸ್ಟರ್ ಯಾರ್ರೀ ಇಲ್ಲಿ?" ಪಾಸ್ಟರ್ ಇಲ್ಲ. "ಹಂಗಾರ ಸಭೆ ನಡಸೋರ ಯಾರ್ರೀ?" ಈ ಎರಡನೆಯ ಪ್ರಶ್ನೆಗೆ ಬಾಗಿಲಲ್ಲಿ ನಿಂತು ಉತ್ತರ ಹೇಳಲು ಬರುವುದಿಲ್ಲ. ಸಭೆಯ ಅನ್ಯೋನ್ಯತೆಗೆ, ಅಂದರೆ ಪೂರ್ಣ ಸಹಭಾಗಿತ್ವಕ್ಕೆ, ಸೇರುವ ದಾರಿಯನ್ನು ಪೂರ್ತಿ ನಡೆದರೆ ಮಾತ್ರ ಅದು ತಿಳಿಯುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ, ಘಟಪ್ರಭೆಯ ದಂಡೆಯ ಊರೊಂದರ ಸಭೆಯಲ್ಲಿ ನಾನು ಆ ದಾರಿ ನಡೆದೆ. ಆಮೇಲೆ ಹಲವರ ಜೊತೆಗೂ ನಡೆದಿದ್ದೇನೆ. ಮೊದಲ ರವಿವಾರದಿಂದ, ಕ್ರಿಸ್ತನನ್ನು ನೆನೆದು ರೊಟ್ಟಿ ಮುರಿದು ದ್ರಾಕ್ಷಾರಸ ಕುಡಿಯುವ ಕರ್ತನ ಭೋಜನದ ಮೇಜಿನ ಸುತ್ತ ಕೂಡುವವರೆಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅದಕ್ಕಿಂತ ಬೇಗ ಮುಗಿದದ್ದು ಗಟ್ಟಿಯಾಗಿ ನಿಂತದ್ದು ಕಡಿಮೆ.

ನಮ್ಮ ಕಡೆ ಹೆಚ್ಚಿನ ಹಳೆಯ ಕ್ರೈಸ್ತ ಮನೆತನಗಳು ಎರಡು ಬೇರಿನವು. ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲಿ ಶುರುಮಾಡಿದ ಕೆಲಸ ಮುಂದೆ ಮೆಥೊಡಿಸ್ಟರ ಕೈಗೆ ಬಂತು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಲ್ಲಿ ನೆಲೆಯೂರಿತು, ಆ ಸಭೆಗಳು ಈಗ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ.ನಲ್ಲಿವೆ. ಎರಡರಲ್ಲೂ ಕೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಉಂಟು, ಬಿಷಪ್ ಉಂಟು, ಕರ್ತನ ಭೋಜನ ನಡೆಸಲು ದೀಕ್ಷೆ ಪಡೆದ ಅಯ್ಯನವರು ಬೇಕೇ ಬೇಕು. ಹೀಗಾಗಿ ಬ್ರದರನ್ ಎಂದರೆ "ನೀರಾಗ ಮುಳುಗಸೋ ಸಭೆ" ಎಂದು ಊರಲ್ಲಿ ಹೆಸರು. ಆದರೆ ಮುಳುಗಿಸುವುದು ಬ್ಯಾಪ್ಟಿಸ್ಟರಲ್ಲೂ ಉಂಟು, ಪೆಂತೆಕೊಸ್ತರಲ್ಲೂ ಉಂಟು. ಅಲ್ಲಿಯೂ ಮುಳುಗಿಸಿ ಮೇಲೆತ್ತಿದ ಮೇಲೆ ಮೇಜಿನ ಹಿಂದೆ ನಿಲ್ಲುವವರು ಪಾಸ್ಟರ್. ಬ್ರದರನ್ ಸಭೆಯಲ್ಲಿ ಮೇಜಿನ ಹಿಂದೆ ಯಾರೂ ನಿಲ್ಲುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲಿ. ವಿಚಾರಣೆ, ನೀರು, ಶಿಫಾರಸು ಪತ್ರ, ಎಲ್ಲವೂ ಆ ಮೇಜನ್ನು ಕಾಯಲಿಕ್ಕೆ ಇರುವಂಥವು.

ಇದರ ಬೇರು ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿದೆ. 1820ರ ದಶಕದ ಕೊನೆಯಲ್ಲಿ ಬೇರೆ ಬೇರೆ ಸಭೆಗಳವರು ಅಲ್ಲಿ ಮನೆಗಳಲ್ಲಿ ಕೂಡಿ ಬೈಬಲ್ ಓದುತ್ತಿದ್ದರು. ವಾರವೆಲ್ಲ ಕೂಡಿ ಓದಿದವರು ರವಿವಾರ ಬಂದರೆ ಒಂದೇ ಮೇಜಿನಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವಂತಿರಲಿಲ್ಲ, ಪ್ರತಿ ಸಭೆಯ ಮೇಜಿಗೂ ಅದರದೇ ಬೇಲಿ. ವಿಶ್ವಾಸಿಗಳು ದೀಕ್ಷೆ ಪಡೆದ ಪಾದ್ರಿಗಾಗಿ ಕಾಯದೆ ತಾವೇ ಕೂಡಿ ರೊಟ್ಟಿ ಮುರಿಯಬಹುದು ಎಂದು ಮೊದಮೊದಲು ಹೇಳಿದವರಲ್ಲಿ ಎಕ್ಸಿಟರಿನ ಹಲ್ಲಿನ ವೈದ್ಯ ಆ್ಯಂಟನಿ ನಾರಿಸ್ ಗ್ರೋವ್ಸ್ ಒಬ್ಬರು. ಅವರು 1829ರಲ್ಲಿ ಬಾಗ್ದಾದಿಗೆ ಹೊರಟರು, 1833ರಲ್ಲಿ ಭಾರತಕ್ಕೆ ಬಂದರು. 1836ರಲ್ಲಿ ಅವರ ಜೊತೆ ಬಂದ ಬೌಡನ್ ಮತ್ತು ಬೀರ್ ಗೋದಾವರಿ ಸೀಮೆಯಲ್ಲಿ ಕೆಲಸ ಹಿಡಿದರು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ದೊಡ್ಡ ಸಭೆ ಬೆಳೆದದ್ದರಿಂದ ಹೊರಗಿನವರು ಪ್ಲಿಮತ್ ಬ್ರದರನ್ ಎಂದರು. ಒಳಗಿನವರು ಆ ಹೆಸರನ್ನು ಇಟ್ಟುಕೊಳ್ಳಲಿಲ್ಲ, ಈಗಲೂ ಬೋರ್ಡಿನ ಮೇಲೆ "ವಿಶ್ವಾಸಿಗಳ ಸಭೆ" ಎಂದೋ "ಸುವಾರ್ತಾ ಮಂದಿರ" ಎಂದೋ ಬರೆಸುತ್ತಾರೆ.

ನೋವಿನ ಮಾತೂ ಹೇಳಬೇಕು. ಬೇಲಿ ಕೀಳಲು ಹೊರಟವರೇ 1848ರಲ್ಲಿ ಮೇಜಿಗೆ ಯಾರನ್ನು ಸೇರಿಸಬೇಕೆಂಬ ವಿಷಯಕ್ಕೆ ಒಡೆದರು. ತಪ್ಪು ಬೋಧನೆ ಮಾಡಿದ ಶಿಕ್ಷಕನಿದ್ದ ಸಭೆಯಿಂದ ಬಂದವರನ್ನು, ಅವರು ಆ ಬೋಧನೆಯನ್ನು ಒಪ್ಪದಿದ್ದರೂ, ಹೊರಗಿಡಬೇಕೆಂದು ಜಾನ್ ನೆಲ್ಸನ್ ಡಾರ್ಬಿ ಹಟ ಹಿಡಿದರು. ಬ್ರಿಸ್ಟಲ್ಲಿನ ಬೆಥೆಸ್ದ ಸಭೆಯ ಜಾರ್ಜ್ ಮುಲ್ಲರ್ ಮತ್ತವರ ಜೊತೆಯವರು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕೆಂದರು. ಡಾರ್ಬಿಯ ಕಡೆಯವರು ಎಕ್ಸ್‌ಕ್ಲೂಸಿವ್ ಆದರು, ಮುಲ್ಲರ್ ಕಡೆಯವರು ಓಪನ್. ನಾನು ಹೇಳುತ್ತಿರುವುದು ಓಪನ್ ಸಭೆಗಳ ರೂಢಿ: ಒಂದೊಂದು ಸಭೆಯೂ ಸ್ವತಂತ್ರ, ಮೇಲೊಂದು ಮುಖ್ಯ ಕಚೇರಿ ಇಲ್ಲ, ಬಿಷಪ್ ಇಲ್ಲ. ಸುವಾರ್ತಿಕ ಭಕ್ತಸಿಂಗ್ ಅವರಿಂದ 1941ರಲ್ಲಿ ಮದ್ರಾಸಿನಲ್ಲಿ ಶುರುವಾಗಿ ಹೈದರಾಬಾದಿನ ಹೆಬ್ರೋನ್ ಎಂಬ ಕೇಂದ್ರದಿಂದ ಹಬ್ಬಿದ ಸಭೆಗಳು ನೋಡಲು ಹೀಗೇ ಕಂಡರೂ ಅವುಗಳ ಮೂಲ ಬೇರೆ.

ಈಗ ದಾರಿಗೆ ಬರೋಣ. ಮೊದಲ ತಿಂಗಳುಗಳು ಹಿಂದಿನ ಸಾಲಿನವು. ರವಿವಾರ ಬೆಳಿಗ್ಗೆ ರೊಟ್ಟಿ ಮುರಿಯುವ ಕೂಟದಲ್ಲಿ ಅನ್ಯೋನ್ಯತೆಯಲ್ಲಿರುವವರು ಮೇಜಿನ ಸುತ್ತ ಕೂಡುತ್ತಾರೆ, ಉಳಿದವರು ಹಿಂದೆ. ರೊಟ್ಟಿಯ ತಟ್ಟೆಯೂ ದ್ರಾಕ್ಷಾರಸದ ಪಾತ್ರೆಯೂ ಹಿಂದಿನ ಸಾಲಿಗೆ ಬರುವುದಿಲ್ಲ, ಕಾಣಿಕೆಯ ಚೀಲವೂ ಬರುವುದಿಲ್ಲ. ದೀಕ್ಷೆಯ ಅಯ್ಯನವರ ಕೈಯಿಂದ ನಲವತ್ತು ವರ್ಷ ಭೋಜನ ತೆಗೆದುಕೊಂಡ ವಯಸ್ಸಾದವರಿಗೆ ಇದು ಮುಖಕ್ಕೆ ಹೊಡೆದಂತೆ ಆಗುತ್ತದೆ. ಇಲ್ಲಿ ಬಿಟ್ಟುಹೋಗುವವರೇ ಹೆಚ್ಚು. ಕರೆತಂದವರು ಮೊದಲೇ ಮನೆಯಲ್ಲಿ ಕೂತು "ಕಾಕಾ, ಒಂದಿಷ್ಟ ತಿಂಗಳ ಹಿಂದ ಕೂಡೋದು ಇರತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ಹೇಳಿದ್ದರೆ ಅರ್ಧ ನೋವು ಕಡಿಮೆ. ಹೇಳದೆ ಕರೆತಂದರೆ ತಪ್ಪು ಕರೆತಂದವರದೇ.

ಇನ್ನೊಂದು ಇಕ್ಕಟ್ಟು ನಮ್ಮ ಸೀಮೆಗೇ ಸೇರಿದ್ದು. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದ ಪ್ರಕಾರ ಕೂಟದಲ್ಲಿ ಹೆಣ್ಣುಮಕ್ಕಳು ತಲೆ ಮುಚ್ಚಿಕೊಳ್ಳುತ್ತಾರೆ, ಗಂಡಸರು ಮುಚ್ಚಿಕೊಳ್ಳುವುದಿಲ್ಲ. ಪಟ್ಟಣದ ಸಭೆಗಳಲ್ಲಿ ಹುಡುಗಿಯರ ಓಢಣಿಯ ಬಗ್ಗೆ ಚರ್ಚೆ ಏಳುತ್ತದೆ. ಹಳ್ಳಿಯಲ್ಲಿ ತಲೆಯ ಮೇಲೆ ಸೆರಗು ಹೊದೆಯುವುದು ಮೊದಲಿಂದ ಇದ್ದದ್ದೇ, ಅಲ್ಲಿ ಕಷ್ಟ ಗಂಡಸರಿಗೆ. ನಾಲ್ಕು ಜನರ ನಡುವೆ ರುಮಾಲು ತೆಗೆಯುವುದೆಂದರೆ ಇಲ್ಲಿ ಮಾನ ಇಳಿಸಿದಂತೆ. ಎಪ್ಪತ್ತು ದಾಟಿದವರಿಗೆ ಎಲ್ಲರ ಮುಂದೆ "ರುಮಾಲ ತಗೀರಿ" ಎಂದು ಕೂಗಿ ಹೇಳುವುದು ಸಲ್ಲದು. ಸಭೆಯನ್ನು ನೋಡಿಕೊಳ್ಳುವ ಸಭಾಹಿರಿಯರಲ್ಲಿ ಒಬ್ಬರೇ ಹೋಗಿ ವಚನ ಓದಿ ತೋರಿಸಿದರೆ ಮುಂದಿನ ವಾರ ಅವರೇ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

ಮೂರ್ನಾಲ್ಕು ತಿಂಗಳಾದ ಮೇಲೆ, ತಾವಾಗಿ ಕೇಳಿಕೊಂಡವರ ಮನೆಗೆ ಸಭಾಹಿರಿಯರಲ್ಲಿ ಇಬ್ಬರು ಬರುತ್ತಾರೆ. ಹಿರಿಯರೆಂದರೆ ಸಂಬಳದವರಲ್ಲ. ಒಬ್ಬರು ಬಸ್ ಕಂಡಕ್ಟರ್ ಇರಬಹುದು, ಇನ್ನೊಬ್ಬರು ಕಬ್ಬು ಬೆಳೆಯುವ ರೈತ. ಯಾವಾಗಲೂ ಒಬ್ಬರಿಗಿಂತ ಹೆಚ್ಚು ಜನ, ಏಕೆಂದರೆ ಹೊಸ ಒಡಂಬಡಿಕೆಯ ಸಭೆಗಳಲ್ಲಿ ಹಿರಿಯರ ಮಾತು ಬಂದಾಗೆಲ್ಲ ಬಹುವಚನವೇ. ಅವರು ಕೇಳುವುದು ಸರಳ: ನಿಮ್ಮ ಪಾಪ ಕ್ಷಮಿಸಲ್ಪಟ್ಟಿದೆ ಎಂದು ಹೇಗೆ ಗೊತ್ತು? "ನಮ್ಮ ಅಜ್ಜನ ಕಾಲದಿಂದ ನಾವು ಕ್ರಿಸ್ತಾನರು" ಎಂಬ ಉತ್ತರ ಸಾಲದು. "ದಿನಾ ಪ್ರಾರ್ಥನೆ ಮಾಡತೀನಿ, ಕುಡಿಯೋದು ಬಿಟ್ಟೀನಿ" ಎಂಬುದೂ ಸಾಲದು, ಅದು ಫಲ, ಬೇರಲ್ಲ. ಕ್ರಿಸ್ತನು ತನ್ನ ಬದಲಾಗಿ ಸತ್ತನು, ತಾನು ಅದನ್ನು ನಂಬಿ ಅವನ ಮೇಲೆ ಭಾರ ಹಾಕಿದ್ದೇನೆ ಎಂಬ ಮಾತು ಎಷ್ಟೇ ಮುರುಕು ಭಾಷೆಯಲ್ಲಿ ಬಂದರೂ ಸಾಕು. ಓದು ಬರಹ ಬಾರದ ಅಜ್ಜಿಯರು ಇದನ್ನು ಪದವಿ ಪಡೆದವರಿಗಿಂತ ಚೆನ್ನಾಗಿ ಹೇಳುತ್ತಾರೆ.

ಅದರ ನಂತರ ಬದುಕಿನ ವಿಷಯ: ಅಣ್ಣತಮ್ಮಂದಿರ ಜೊತೆ ಹೊಲದ ಜಗಳ ನಿಂತಿದೆಯೇ, ಮಾತು ಬಿಟ್ಟ ನೆಂಟರಿದ್ದಾರೆಯೇ, ತೀರಿಸದ ಕೈಸಾಲ, ಗುಟಕಾ. ಹಿಂದೂ ಮನೆತನದಿಂದ ಬಂದವರಾದರೆ ಕಾನೂನಿನ ಮಾತೂ ಆಗುತ್ತದೆ. 2022ರ ರಾಜ್ಯ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕೆಂದು ವಿಧಿಸಿತು, ಆದ್ದರಿಂದ ವಕೀಲರನ್ನು ಕಂಡು ಬಾರದೆ ಹಿರಿಯರು ದಿನ ಗೊತ್ತುಮಾಡುವುದಿಲ್ಲ. ಹಳೆಯ ಕ್ರೈಸ್ತ ಮನೆತನದವರ ಚಿಂತೆ ಬೇರೆ, ಅದು ಮಣ್ಣಿನದು. ಸ್ಮಶಾನ ಹಳೆಯ ಮಿಷನ್ನಿನ ಹೆಸರಿನಲ್ಲಿದ್ದರೆ, ಸಭೆ ಬಿಟ್ಟವರ ಹೆಣಕ್ಕೆ ಜಾಗ ಕೊಡುವರೋ ಇಲ್ಲವೋ ಎಂಬ ಭಯ ಮುದುಕರಿಗೆ ಇರುತ್ತದೆ. ಇದನ್ನು ಮೊದಲೇ ಬಾಯಿಬಿಟ್ಟು ಮಾತಾಡಿ, ಆ ಸಭೆಯವರ ಜೊತೆಗೂ ಸೌಜನ್ಯದಿಂದ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಮದುವೆಗೂ ಪಾಸ್ಟರ್ ಇಲ್ಲದ್ದರ ಪರಿಣಾಮ ಉಂಟು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಲೈಸೆನ್ಸ್ ಪಡೆದವರೋ ವಿವಾಹ ರಿಜಿಸ್ಟ್ರಾರರೋ ಬೇಕು. ಹಿರಿಯರು ಎಂಬ ಕಾರಣಕ್ಕೆ ಯಾರೂ ಮದುವೆ ಮಾಡಿಸಲು ಬರುವುದಿಲ್ಲ.

ದೀಕ್ಷಾಸ್ನಾನಕ್ಕೆ ಮುಂಚೆ ನಾಲ್ಕರಿಂದ ಆರು ಪಾಠ. ಮತ್ತಾಯ 28, ಅಪೊಸ್ತಲರ ಕೃತ್ಯಗಳು 8, ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ನೀರು ಪಾಪ ತೊಳೆಯುವುದಿಲ್ಲ, ಸತ್ತು ಹೂಳಲ್ಪಟ್ಟು ಎದ್ದದ್ದರ ಸಾಕ್ಷಿ ಅದು. ಕೂಸಿಗೆ ಹಾಕಿದ ನೀರನ್ನು ಇಲ್ಲಿ ಏಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದಕ್ಕೂ ಕಾರಣ ಅದೇ: ನಂಬಿದ ಮೇಲಿನ ಸಾಕ್ಷಿಯನ್ನು ನಂಬದ ಮೊದಲು ಕೊಡಲಾಗದು. ಇದನ್ನು ತಂದೆತಾಯಿಯರಿಗೆ ಹೇಳುವಾಗ ಅವರು ಪ್ರೀತಿಯಿಂದ ಮಾಡಿದ್ದನ್ನು ಹಗುರ ಮಾಡಬಾರದು. ಹಗುರ ಮಾಡಿದ ಮನೆಗಳಲ್ಲಿ ಹಬ್ಬಕ್ಕೂ ಮಾತು ನಿಂತುಹೋಗಿದೆ.

ಮಂದಿರ ಇರುವ ಸಭೆಗಳಲ್ಲಿ ವೇದಿಕೆಯ ಕೆಳಗೆ ಸಿಮೆಂಟಿನ ತೊಟ್ಟಿ ಇರುತ್ತದೆ, ಮೇಲೆ ಹಲಗೆ. ಉದ್ದ 8 ಅಡಿ, ಅಗಲ 4, ಆಳ 4. ಮೂರಡಿ ತುಂಬಿದರೆ ಸುಮಾರು 2,700 ಲೀಟರ್. ಅದಕ್ಕಿಂತ ಕಡಿಮೆ ನೀರಿದ್ದರೆ ಮೊಣಕಾಲೋ ಹೊಟ್ಟೆಯೋ ಮೇಲೆ ಉಳಿಯುತ್ತದೆ. ತೊಟ್ಟಿ ಇಲ್ಲದ ಸಭೆ ಹೊಳೆಗೆ ಹೋಗಬೇಕು, ಅಲ್ಲಿ ಎಚ್ಚರ ಹೆಚ್ಚು ಬೇಕು. ಮಳೆಗಾಲದ ಹೊಳೆ ಬೇಡವೇ ಬೇಡ. ಮರಳು ತೆಗೆದ ಕಡೆ ಗುಂಡಿ ಕಾಣಿಸುವುದಿಲ್ಲ, ಹಿಂದಿನ ದಿನವೇ ಈಜು ಬಲ್ಲ ಇಬ್ಬರು ಕೋಲು ಹಿಡಿದು ನೆಲ ಅಳೆದು ಬರಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಹತ್ತಿರ ಇದೆ, ನೀರು ಸ್ವಚ್ಛ ಇದೆ ಎಂದು ಆಸೆಪಡುತ್ತಾರೆ. ಅದರ ಇಳಿಜಾರಿನಲ್ಲಿ ಒದ್ದೆ ಕಾಲು ನಿಲ್ಲುವುದಿಲ್ಲ, ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗದು. ಕಾಲುವೆಗೆ ನೀರು ಬಿಟ್ಟ ದಿನ ಸೆಳವು ಜೋರು. ನಡು ಮುಳುಗುವಷ್ಟು ಆಳದ, ಗಟ್ಟಿ ನೆಲದ, ನಿಧಾನ ಹರಿಯುವ ಜಾಗ ಬೇಕು.

ಹರಿಯುವ ನೀರಿನಲ್ಲಿ ತಲೆ ಮೇಲ್ಮುಖಕ್ಕೆ, ಅಂದರೆ ನೀರು ಬರುವ ಕಡೆಗೆ ಬೀಳುವಂತೆ ನಿಲ್ಲಿಸಬೇಕು. ಆಗ ಏಳುವಾಗ ಸೆಳವೇ ಬೆನ್ನನ್ನು ಎತ್ತಿಕೊಡುತ್ತದೆ. ತಿರುಗಾಮುರುಗಾ ನಿಲ್ಲಿಸಿದರೆ ನೀರು ಮೂಗಿಗೆ ನುಗ್ಗಿ, ಬಟ್ಟೆಯೊಳಗೆ ಸೇರಿ, ಎತ್ತಲು ಇಬ್ಬರು ಸಾಲುವುದಿಲ್ಲ. ಸ್ನಾನ ಕೊಡುವವರು ಪಕ್ಕದಲ್ಲಿ ನಿಂತು ಒಂದು ಕೈಯನ್ನು ಎರಡು ಹೆಗಲೆಲುಬುಗಳ ನಡುವೆ ಬೆನ್ನಿಗೆ ಕೊಡುತ್ತಾರೆ, ಇನ್ನೊಂದು ಕೈಯಲ್ಲಿ ಎದೆಯ ಮೇಲೆ ಮಡಚಿದ ಅವರ ಕೈಗಳನ್ನು ಹಿಡಿಯುತ್ತಾರೆ. ಬೇಕಾದವರು ಕರವಸ್ತ್ರದಿಂದ ಮೂಗು ಹಿಡಿದುಕೊಳ್ಳಬಹುದು. "ಯೇಸು ಕ್ರಿಸ್ತನನ್ನು ನಿನ್ನ ಸ್ವಂತ ರಕ್ಷಕನೆಂದು ನಂಬಿದ್ದೀಯಾ?" "ಹೌದ್ರೀ, ನಂಬೇನಿ." ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಹಿಂದಕ್ಕೆ ಬಾಗಿಸಿ, ಪೂರ್ತಿ ಮುಳುಗಿಸಿ, ಕೂಡಲೇ ಎತ್ತುವುದು. ಹೆಚ್ಚಿನವರು ಕೊನೆಯ ಕ್ಷಣದಲ್ಲಿ ಹೆದರಿ ಒಂದು ಕಾಲು ಹಿಂದಿಡುತ್ತಾರೆ, ಆಗ ದೇಹ ಬಾಗದೆ ಕೂತಂತೆ ಆಗಿ ಮುಖ ಮೇಲೆ ಉಳಿಯುತ್ತದೆ. ಮೊಣಕಾಲು ಸಡಿಲ ಬಿಡಿ, ಕಾಲು ಕೀಳಬೇಡಿ ಎಂದು ದಂಡೆಯ ಮೇಲೆ ಎರಡು ಸಲ ಮಾಡಿಸಿ ತೋರಿಸಬೇಕು. ಬಟ್ಟೆಯೂ ಮುಖ್ಯ. ತೆಳು ಬಿಳಿ ಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ, ಸೀರೆ ಕಾಲಿಗೆ ಸುತ್ತುತ್ತದೆ. ಹೆಣ್ಣುಮಕ್ಕಳಿಗೆ ಗಾಢ ಬಣ್ಣದ ದಪ್ಪ ಕಾಟನ್ ಚೂಡಿದಾರ, ಓಢಣಿಗೆ ಪಿನ್ನು. ದಂಡೆಯಲ್ಲಿ ಇಬ್ಬರು ಅಕ್ಕಂದಿರು ಚಾದರ ಹಿಡಿದು ಕಾದಿರಬೇಕು.

ನೀರಿಗಿಳಿದು ಸ್ನಾನ ಕೊಡುವವರಿಗೆ ದೀಕ್ಷೆ ಬೇಕಿಲ್ಲ, ಸಭೆ ಒಪ್ಪಿದ ಯಾವ ಸಹೋದರನೂ ಕೊಡಬಹುದು. ಮೆಥೊಡಿಸ್ಟ್ ನೆಂಟರು ದಂಡೆಯ ಮೇಲೆ ನಿಂತು ಬೆರಗಾಗುವುದು ಇಲ್ಲಿ. ನಿನ್ನೆ ಟ್ರ್ಯಾಕ್ಟರ್ ಮೇಲೆ ಕಂಡವರು ಇಂದು ನೀರಿನಲ್ಲಿ ನಿಂತಿರುತ್ತಾರೆ.

ಸ್ನಾನವಾದ ಮೇಲೂ ಮೇಜು ತಾನಾಗಿ ತೆರೆಯುವುದಿಲ್ಲ. ಒಂದೆರಡು ರವಿವಾರ ಹೆಸರನ್ನು ಸಭೆಯ ಮುಂದೆ ಓದಿ, ಯಾರಿಗಾದರೂ ತಕರಾರಿದ್ದರೆ ಹಿರಿಯರಿಗೆ ತಿಳಿಸಲು ಹೇಳುತ್ತಾರೆ. ತಕರಾರು ಬರುವುದು ಹೆಚ್ಚಾಗಿ ಬೋಧನೆಯ ಮೇಲಲ್ಲ, ಸಾಲದ ಮೇಲೆ. ಬಗೆಹರಿದರೆ ಹಿರಿಯರು ಬಲಗೈ ಕೊಟ್ಟು ಅನ್ಯೋನ್ಯತೆಗೆ ಸೇರಿಸುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅಪೊಸ್ತಲರು ಪೌಲನಿಗೆ ಕೊಟ್ಟ ಬಲಗೈ ಅದು.

ಮೇಜಿನ ಸಿದ್ಧತೆ ಶನಿವಾರವೇ ಶುರು. ರೊಟ್ಟಿ ಒಂದೇ ಇರಬೇಕು, ಇಡಿಯಾಗಿರಬೇಕು, ಏಕೆಂದರೆ ಪೌಲನು ರೊಟ್ಟಿ ಒಂದೇ ಆಗಿರುವುದರಿಂದ ನಾವು ಅನೇಕರಿದ್ದರೂ ಒಂದೇ ದೇಹ ಎನ್ನುತ್ತಾನೆ. ನಮ್ಮ ಕಡೆ ರೊಟ್ಟಿ ಎಂದರೆ ಜೋಳದ ರೊಟ್ಟಿ, ಅದನ್ನೇ ಇಡೋಣ ಎಂದು ಹಲವರಿಗೆ ಆಸೆ. ಇಟ್ಟು ನೋಡಿದ ಸಭೆಗಳೂ ಉಂಟು. ಜೋಳದ ಹಿಟ್ಟಿಗೆ ಗೋದಿಯ ಜಿಗುಟು ಇಲ್ಲ. ಆರಿದ ರೊಟ್ಟಿ ಹತ್ತು ಕೈ ದಾಟುವುದರೊಳಗೆ ಚೂರುಚೂರಾಗಿ ಅರವತ್ತನೆಯವರಿಗೆ ತಟ್ಟೆಯಲ್ಲಿ ಪುಡಿ ಸಿಗುತ್ತದೆ. ಗೋದಿಯ ದಪ್ಪ ಚಪಾತಿ ಅಥವಾ ಬೇಕರಿಯ ಕತ್ತರಿಸದ ಬ್ರೆಡ್ ಸರಿಯಾಗುತ್ತದೆ. ಕತ್ತರಿಸಿದ ಬ್ರೆಡ್ ತಂದರೆ ಮುರಿಯುವುದಕ್ಕೇ ಅರ್ಥ ಉಳಿಯುವುದಿಲ್ಲ.

ದ್ರಾಕ್ಷಾರಸಕ್ಕೆ ಕಾಲು ಕಿಲೋ ಕಪ್ಪು ಒಣದ್ರಾಕ್ಷಿ, ಒಂದು ಲೀಟರ್ ನೀರು. ಬೆಳಿಗ್ಗೆ ನೆನೆಹಾಕಿ, ಸಂಜೆ ಕೈಯಿಂದ ಕಿವುಚಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಗೆ 15-20 ನಿಮಿಷ ಕುದಿಸಿ, ಬಿಳಿ ಅರಿವೆಯಲ್ಲಿ ಸೋಸಿದರೆ ಸುಮಾರು ಮುಕ್ಕಾಲು ಲೀಟರ್ ಆಗುತ್ತದೆ. ಒಬ್ಬೊಬ್ಬರಿಗೆ 10 ಮಿಲಿಲೀಟರ್ ಹಿಡಿದರೆ ಅರವತ್ತು ಜನರಿಗೆ ಸಾಕು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯಿಂದ ಬರುವ ಹಸಿರು ಹಳದಿ ಒಣದ್ರಾಕ್ಷಿ ರುಚಿಯಾಗಿರುತ್ತದೆ, ಬಣ್ಣ ಬಿಡುವುದಿಲ್ಲ. ಕುದಿಸದೆ ಇಟ್ಟರೆ ಬೇಸಿಗೆಯಲ್ಲಿ ರಾತ್ರಿಯೊಳಗೆ ನೊರೆ ಎದ್ದು ಹುಳಿಯುತ್ತದೆ. ಕುಡಿತ ಬಿಟ್ಟು ಬಂದವರು ಮೇಜಿನಲ್ಲಿದ್ದಾರೆ ಎಂಬುದನ್ನು ಮರೆಯಬಾರದು.

ರವಿವಾರ ಹೊತ್ತಿಗೆ ಸರಿಯಾಗಿ ಬಾಗಿಲು ಎಳೆಯುತ್ತಾರೆ. ನಡುವೆ ಮೇಜು, ಬಿಳಿ ಬಟ್ಟೆ, ಅದರಡಿ ತಟ್ಟೆ ಮತ್ತು ಪಾತ್ರೆ. ಯಾರೂ ಏನೂ ಹೇಳುವುದಿಲ್ಲ. ಐದು ನಿಮಿಷ, ಕೆಲವೊಮ್ಮೆ ಹತ್ತು, ಫ್ಯಾನಿನ ಸದ್ದು ಬಿಟ್ಟರೆ ಮೌನ. ಒಬ್ಬ ಸಹೋದರ ಕುಳಿತಲ್ಲಿಂದಲೇ ಹಾಡಿನ ನಂಬರ್ ಹೇಳುತ್ತಾನೆ, ತಬಲಾ ಪೇಟಿ ಇಲ್ಲದೆ ಎಲ್ಲರೂ ಹಾಡುತ್ತಾರೆ. ಮತ್ತೆ ಮೌನ. ಇನ್ನೊಬ್ಬ ಎದ್ದು ಸ್ತೋತ್ರ ಮಾಡುತ್ತಾನೆ, ಮತ್ತೊಬ್ಬ ಒಂದು ಅಧ್ಯಾಯ ಓದಿ ಕೂಡುತ್ತಾನೆ. ಯಾರು ಏಳಬೇಕೆಂದು ಪಟ್ಟಿ ಇಲ್ಲ, ಪವಿತ್ರಾತ್ಮನು ಯಾರನ್ನು ಎಬ್ಬಿಸುವನೋ ಅವರು. ಬಾಗಿಲಲ್ಲಿ ಕೇಳಿದ ಆ ಎರಡನೆಯ ಪ್ರಶ್ನೆಗೆ ಸಭೆ ಕೊಡುವ ಉತ್ತರ ಈ ಹೊತ್ತೇ. ಮುಕ್ಕಾಲು ಗಂಟೆ ಹೀಗೆ ಕಳೆದ ಮೇಲೆ ಒಬ್ಬರು ಬಟ್ಟೆ ಸರಿಸಿ, ರೊಟ್ಟಿಗಾಗಿ ಉಪಕಾರಸ್ತುತಿ ಮಾಡಿ ಎರಡಾಗಿ ಮುರಿಯುತ್ತಾರೆ. ಮುರಿದವರೂ ಕೂತು, ತಟ್ಟೆ ಸುತ್ತಿ ಬಂದಾಗ ಎಲ್ಲರಂತೆ ಒಂದು ತುಣುಕು ತೆಗೆದುಕೊಳ್ಳುತ್ತಾರೆ. ಆಮೇಲೆ ಪಾತ್ರೆ. ಒಂದೇ ಪಾತ್ರೆಯಿಂದ ಕುಡಿಯುವ ಸಭೆಗಳಲ್ಲಿ ಕೆಲವು ಕೊರೊನಾ ನಂತರ ಚಿಕ್ಕ ಲೋಟಗಳಿಗೆ ಬಂದವು, ಕೆಲವು ಮತ್ತೆ ಒಂದಕ್ಕೇ ಮರಳಿದವು. ಕೊನೆಗೆ ಕಾಣಿಕೆ ಚೀಲ. ಉಳಿದ ರೊಟ್ಟಿಗೆ ಬೇರೆ ಪಾವಿತ್ರ್ಯ ಇಲ್ಲ, ಅದು ಗುರುತು ಅಷ್ಟೆ. ಕೂಟ ಮುಗಿದ ಮೇಲೆ ಯಾರಾದರೂ ತಿಂದು ಮುಗಿಸುತ್ತಾರೆ.

ಹೊಸಬರು ಇಲ್ಲಿ ತಪ್ಪುವುದು ಎರಡು ರೀತಿಯಲ್ಲಿ. ಮೌನಕ್ಕೆ ಹೆದರಿ ಅದನ್ನು ತುಂಬಲು ಎದ್ದು ನಿಲ್ಲುವುದು ಒಂದು. ಮಗಳ ಪರೀಕ್ಷೆ, ಎಮ್ಮೆಯ ಜಡ್ಡು ಎಲ್ಲ ಪ್ರಾರ್ಥನೆಯಲ್ಲಿ ತರುವುದು ಇನ್ನೊಂದು. ಅದಕ್ಕೆ ವಾರದ ನಡುವಿನ ಪ್ರಾರ್ಥನಾ ಕೂಟ ಇದೆ, ಈ ಹೊತ್ತು ಕ್ರಿಸ್ತನ ನೆನಪಿಗೆ ಮಾತ್ರ. ಹಳಬರ ತಪ್ಪು ಇದಕ್ಕಿಂತ ದೊಡ್ಡದು. ಉಳಿದವರು ಸೋಮಾರಿಗಳಾಗಿ ವಾರವಾರವೂ ಒಬ್ಬರೇ ಹಾಡು ಹೇಳಿ, ಒಬ್ಬರೇ ಓದಿ, ಒಬ್ಬರೇ ಮುರಿದರೆ, ಹೆಸರಿಲ್ಲದ ಪಾಸ್ಟರ್ ತಯಾರಾಗುತ್ತಾರೆ. ಸಹೋದರಿಯರು ಈ ಕೂಟದಲ್ಲಿ ಬಾಯಿಬಿಟ್ಟು ಪ್ರಾರ್ಥಿಸುವುದಿಲ್ಲ, ಹಾಡುತ್ತಾರೆ. ಇದರ ಬಗ್ಗೆ ಪಟ್ಟಣದ ಸಭೆಗಳಲ್ಲಿ ಈಗ ಬೇರೆ ಬೇರೆ ಅಭಿಪ್ರಾಯಗಳಿವೆ. ಅವರಲ್ಲಿ ಎಷ್ಟೋ ಜನರ ವಚನಜ್ಞಾನ ನಮಗಿಂತ ಆಳವಾದದ್ದು, ಅದನ್ನು ಬಳಸಿಕೊಳ್ಳುವ ದಾರಿಯನ್ನು ಸಭೆಗಳು ಇನ್ನೂ ಚೆನ್ನಾಗಿ ಹುಡುಕಬೇಕು ಎಂಬುದು ನನ್ನ ಮನಸ್ಸಿನ ಭಾರ.

ಬೋಧನೆಯ ಉಳಿದ ವ್ಯತ್ಯಾಸಗಳು ದಾರಿಯಲ್ಲಿ ತಾವಾಗಿ ತಿಳಿಯುತ್ತವೆ. ನಿಜವಾಗಿ ರಕ್ಷಣೆ ಹೊಂದಿದವರು ಅದನ್ನು ಕಳೆದುಕೊಳ್ಳರು ಎಂಬುದು ಇಲ್ಲಿಯ ಬೋಧನೆ, ಮೆಥೊಡಿಸ್ಟರು ಹಾಗೆ ಹೇಳುವುದಿಲ್ಲ. ಅನ್ಯಭಾಷೆ, ಅಂದರೆ ಪವಿತ್ರಾತ್ಮನ ಪ್ರೇರಣೆಯಿಂದ ಕಲಿಯದ ಭಾಷೆಯಲ್ಲಿ ಮಾತಾಡುವ ವರ, ಅಪೊಸ್ತಲರ ಕಾಲದ್ದು ಎಂಬುದು ಇಲ್ಲಿಯ ಸಾಮಾನ್ಯ ನಿಲುವು, ಪೆಂತೆಕೊಸ್ತರಿಗೆ ಅದು ಇಂದಿನದು.

ಕೊನೆಯದು ಪತ್ರ. ಕೆಲಸಕ್ಕೆಂದು ಪುಣೆಗೋ ಬೆಂಗಳೂರಿಗೋ ಹೋಗುವವರಿಗೆ ಹಿರಿಯರು ಶಿಫಾರಸು ಪತ್ರ ಕೊಡುತ್ತಾರೆ, ಪೌಲನು ಫೊಯಿಬೆ ಎಂಬ ಸಹೋದರಿಗೆ ಬರೆದುಕೊಟ್ಟ ಹಾಗೆ. ಹೆಸರು, ಯಾವ ವರ್ಷದಿಂದ ಅನ್ಯೋನ್ಯತೆಯಲ್ಲಿದ್ದಾರೆ, ನಡತೆ ಹೇಗಿದೆ, ಸಭೆಯಲ್ಲಿ ಯಾವ ಸೇವೆ ಮಾಡುತ್ತಿದ್ದರು, ತಾರೀಖು, ಕನಿಷ್ಠ ಇಬ್ಬರು ಹಿರಿಯರ ಸಹಿ. ತಾರೀಖಿಲ್ಲದ ಪತ್ರ ಕೆಲಸಕ್ಕೆ ಬಾರದು, ಎರಡು ವರ್ಷದ ಹಿಂದಿನ ಪತ್ರ ತೋರಿಸಿ ನಡುವೆ ಎಲ್ಲಿದ್ದರೆಂದು ಮುಚ್ಚಿಟ್ಟವರಿದ್ದಾರೆ. ವಾಟ್ಸಾಪಿನ ಫೋಟೊ ಮಾತ್ರ ಇದ್ದರೆ ಹೋದ ಊರಿನ ಹಿರಿಯರು ಫೋನ್ ಮಾಡಿ ಕೇಳುತ್ತಾರೆ. ಕಬ್ಬಿನ ಕಟಾವಿನ ದಿನಗಳಲ್ಲಿ ಇಲ್ಲಿಯ ಹಿರಿಯರು ಹೊಲದಲ್ಲಿದ್ದು ಫೋನ್ ಎತ್ತುವುದಿಲ್ಲ, ಬಂದವರು ಆ ವಾರ ಹಿಂದಿನ ಸಾಲಿನಲ್ಲೇ ಕೂಡಬೇಕಾಗುತ್ತದೆ. ಆದ್ದರಿಂದ ಬಸ್ಸಿನ ಟಿಕೆಟ್ ತೆಗೆಸುವ ದಿನವೇ ಪತ್ರ ಬರೆಸಿಕೊಂಡು ಬೈಬಲಿನೊಳಗೆ ಇಟ್ಟುಕೊಳ್ಳಬೇಕು. ರವಿವಾರ ಹೊಸ ಊರಿನಲ್ಲಿ ಕೂಟಕ್ಕೆ ಕಾಲು ಗಂಟೆ ಮೊದಲೇ ಹೋಗಿ ಬಾಗಿಲಲ್ಲಿ ನಿಂತವರ ಕೈಗೆ ಕೊಟ್ಟರೆ, ಅವರು ಓದಿ ಒಳಗಿನವರಿಗೆ ತೋರಿಸಿ, ಮೇಜಿನ ಸುತ್ತಿನ ಸಾಲಿಗೆ ಇನ್ನೊಂದು ಕುರ್ಚಿ ತಂದು ಹಾಕುತ್ತಾರೆ.